ಎಡಭಾಗದ ರೇಡಿಯೇಷನ್, ಉಸಿರು ಹಿಡಿಯುವುದು ಕಷ್ಟವಾಗುತ್ತಿದೆ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಎಡ ಸ್ತನದ ಕ್ಯಾನ್ಸರ್. ಆಪರೇಷನ್, ಕೀಮೋ ಮುಗಿದಿವೆ. ಈಗ ರೇಡಿಯೇಷನ್. 15 ಸಲಕ್ಕೆ ಹಂಚಿ ಒಟ್ಟು 40 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ಕೊಡುತ್ತಾರಂತೆ. ಹೃದಯ ಅಲ್ಲೇ ಹಿಂದೆ ಇರುತ್ತದೆ ಅಲ್ವಾ, ನಮ್ಮ ಚಿಂತೆ ಅದೇ.

ಉಸಿರನ್ನು ಆಳವಾಗಿ ಎಳೆದು ಹಿಡಿದರೆ ಶ್ವಾಸಕೋಶ ಉಬ್ಬಿ, ಹೃದಯ ಎದೆಯ ಗೋಡೆಯಿಂದ ಸ್ವಲ್ಪ ದೂರ ಸರಿಯುತ್ತದೆ, ಆಗ ಮಾತ್ರ ಕಿರಣ ಬಿಡುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ಒಂದೊಂದು ಸಲ ಸುಮಾರು 20 ಸೆಕೆಂಡ್ ಹಿಡಿಯಬೇಕು. ಅಕ್ಕ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. 12 ದಾಟುತ್ತಿದ್ದಂತೆ ಕೆಮ್ಮು ಬರುತ್ತದೆ, ಭುಜ ಮೇಲೇಳುತ್ತದೆ.

ಹೃದಯಕ್ಕೆ ಬೀಳುವ ಸರಾಸರಿ ಡೋಸ್ 1 ಗ್ರೇ ಏರಿದರೆ ಹೃದಯಾಘಾತದಂಥ ತೊಂದರೆಯ ಅಪಾಯ ಶೇ 7.4ರಷ್ಟು ಏರುತ್ತದೆ ಎಂದು 2013ರ ಅಧ್ಯಯನವೊಂದು ಹೇಳುತ್ತದೆ. ನೂರರಲ್ಲಿ ಏಳು ಜನರಿಗೆ ಆಗುತ್ತದೆ ಅಂತಲ್ಲ, ಮೊದಲೇ ಇರುವ ಅಪಾಯದ ಮೇಲೆ ಅಷ್ಟು ಏರಿಕೆ. ಆದರೆ ಅಕ್ಕನಿಗೆ ಬಿಪಿ ಇದೆ, ಹಾಗಾಗಿ ಡೋಸ್ ಎಷ್ಟು ಕಡಿಮೆಯಾದರೂ ಲಾಭವೇ. ರೇಡಿಯೇಷನ್ನೇ ಬೇಡ ಅನ್ನುವ ಸಲಹೆ ಮಾತ್ರ ದಯವಿಟ್ಟು ಕೊಡಬೇಡಿ, ಅದು ನಿರ್ಧಾರ ಆಗಿದೆ.

ಉಸಿರು ಹಿಡಿಯಲು ನೀವು ಹೇಗೆ ರೂಢಿ ಮಾಡಿಕೊಂಡಿರಿ? ಆಗದೇ ಇದ್ದಾಗ ಬೋರಲು ಮಲಗಿಸಿ ರೇಡಿಯೇಷನ್ ಕೊಟ್ಟದ್ದುಂಟಾ? ಪ್ಲಾನಿಂಗ್ ಸಿಟಿ ಸ್ಕ್ಯಾನ್ ಬರುವ ವಾರ ಇದೆ. ಹೃದಯಕ್ಕೂ, ಅದರ ಮುಂಭಾಗದ ರಕ್ತನಾಳಕ್ಕೂ ಎಷ್ಟೆಷ್ಟು ಡೋಸ್ ಬೀಳುತ್ತದೆ ಅಂತ ಕೇಳಬೇಕೆಂದಿದ್ದೇನೆ. ಕೇಳಿದವರಿದ್ದರೆ, ಆ ಅಂಕಿ ನಿಮಗೆ ಬರೆದುಕೊಟ್ಟರಾ?