ಸೈಲೆನ್ಸರ್ ನಟ್ ಪದೇ ಪದೇ ಬಿದ್ದುಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಅಣ್ಣ, ನನ್ನದು ಗೇರ್ ಇಲ್ಲದ ಸ್ಕೂಟರ್. ಸೈಲೆನ್ಸರ್ ಪೈಪು ಇಂಜಿನ್ ಹೆಡ್‌ಗೆ ಸೇರುವ ಜಾಗದಲ್ಲಿ ಎರಡು ನಟ್ ಇರುತ್ತವಲ್ಲ, ಅದರಲ್ಲಿ ಒಂದು ನಾಲ್ಕು ತಿಂಗಳಲ್ಲಿ ಮೂರು ಸಲ ಬಿದ್ದುಹೋಗಿದೆ. ಮೊದಲ ಸಲ ಸುಮ್ನೆ ಹೊಸ ನಟ್ ಹಾಕಿದೆ. ಎರಡನೇ ಸಲ ಸ್ಪ್ರಿಂಗ್ ವಾಷರ್ ಸೇರಿಸಿದೆ. ಮೂರನೇ ಸಲ ನೀಲಿ ಥ್ರೆಡ್ ಲಾಕ್ ಅಂಟು ಹಚ್ಚಿ, ಕೈಲಾದಷ್ಟು ಬಿಗಿ ಮಾಡಿದೆ. ಈಗ ಮತ್ತೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಪ್ ಟಪ್ ಅಂತ ಸದ್ದು. ಗಾಡಿ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಇನ್ನೂ ಗಟ್ಟಿಯಾದ ಅಂಟು ಯಾವುದಾದರೂ ಇದೆಯಾ?

ಉತ್ತರ:
ಅಂಟಿನ ಆಸೆ ಬಿಡಿ. ಮೂರು ಸಲವೂ ನೀವು ಬಿದ್ದ ನಟ್‌ಗೆ ಮದ್ದು ಮಾಡಿದ್ದೀರಿ. ಅದನ್ನು ಬೀಳಿಸುತ್ತಿರುವುದು ಬೇರೆ ಎಲ್ಲೋ ಇದೆ.

ನೀಲಿ ಥ್ರೆಡ್ ಲಾಕ್ ಸುಮಾರು 150 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. ಹೊಗೆ ಹೊರಗೆ ಬರುವ ಆ ಕುತ್ತಿಗೆಯ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ಹೆಚ್ಚು ಬಿಸಿ ತಡೆಯುವ ಕೆಂಪು ಬಗೆಯದ್ದು ಕೂಡ 230ರ ಸುಮಾರಿಗೆ ಕೈಕೊಡುತ್ತದೆ. ಒಳಗೆ ನೈಲಾನ್ ರಿಂಗ್ ಇರುವ ಲಾಕ್ ನಟ್ 120 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಸ್ಪ್ರಿಂಗ್ ವಾಷರ್ ಬಿಸಿಗೆ ತನ್ನ ಬಿರುಸು ಕಳೆದುಕೊಳ್ಳುತ್ತದೆ. ನೀವು ಹಾಕಿದ್ದ ಹಳೆಯದು ಸಿಕ್ಕರೆ ಹೊಸದರ ಪಕ್ಕ ಇಟ್ಟು ನೋಡಿ. ಹೊಸದರ ಎರಡು ತುದಿ ಒಂದು ಮೇಲೆ ಒಂದು ಕೆಳಗೆ ಇರುತ್ತವೆ. ಹಳೆಯದರಲ್ಲಿ ಎರಡೂ ಒಂದೇ ಮಟ್ಟಕ್ಕೆ ಬಂದಿರುತ್ತವೆ.

ನಟ್ ನಿಲ್ಲುವುದು ಹೆಡ್‌ನಿಂದ ಹೊರಬಂದ ತಲೆಯಿಲ್ಲದ ಬೋಲ್ಟ್, ಅಂದರೆ ಸ್ಟಡ್‌ನ ಎಳೆತದಿಂದ. ಬಿಗಿ ಮಾಡಿದಾಗ ಸ್ಟಡ್ ಕೂದಲೆಳೆಯಷ್ಟು ಉದ್ದವಾಗುತ್ತದೆ, ಗಟ್ಟಿ ಸ್ಪ್ರಿಂಗ್ ಥರ ಹಿಂದಕ್ಕೆ ಎಳೆಯುತ್ತಾ ಇರುತ್ತದೆ. ಆ ಎಳೆತ ಹೋದರೆ ಇಂಜಿನ್ ನಡುಕಕ್ಕೆ ನಟ್ ತಾನಾಗಿ ತಿರುಗಿ ಬಿಚ್ಚಿಕೊಳ್ಳುತ್ತದೆ. ಎಳೆತ ಹೋಗುವುದಕ್ಕೆ ನಾನು ಜಾಸ್ತಿ ನೋಡಿರುವ ಕಾರಣ ಎರಡು. ಒಂದು, ಪೈಪು ಹೆಡ್‌ಗೆ ಸೇರುವ ಸಂದು ಮುಚ್ಚುವ ಹಳೇ ಗ್ಯಾಸ್ಕೆಟ್ ಅನ್ನೇ ಮತ್ತೆ ಹಾಕುವುದು. ಅದು ಒಂದು ಸಲ ಅಮುಕಿಕೊಂಡು ಕೂತ ಮೇಲೆ ಇನ್ನೊಂದು ಸಲ ಸರಿಯಾಗಿ ಕೂರುವುದಿಲ್ಲ. ಇನ್ನೊಂದು, ಸೈಲೆನ್ಸರ್ ಅನ್ನು ಗಾಡಿಗೆ ಹಿಡಿದಿಡುವ ಹಿಂದಿನ ಪಟ್ಟಿ, ಅಂದರೆ ಬ್ರಾಕೆಟ್‌ನ ಬೋಲ್ಟ್ ಸಡಿಲ ಇರುವುದು. ಸೈಲೆನ್ಸರ್‌ನ ಭಾರ ಹೊರಬೇಕಾದ್ದು ಆ ದಪ್ಪ ಬೋಲ್ಟ್‌ಗಳು. ಅವು ಸಡಿಲವಾದರೆ ಇಡೀ ಸೈಲೆನ್ಸರ್ ಆ ಎರಡು ಸಣ್ಣ ಸ್ಟಡ್ ಮೇಲೆ ಜೋತುಬಿದ್ದು ಕುಣಿಯುತ್ತದೆ.

ಹಿಂದೆ ನನ್ನ ಹತ್ತಿರ ಒಂದು ಗಾಡಿ ಬಂದಿತ್ತು. ನಾನೇ ಎರಡು ಸಲ ಕುತ್ತಿಗೆ ನಟ್ ಹಾಕಿ ಕಳಿಸಿದ್ದೆ, ಎರಡು ಸಲವೂ ವಾಪಸ್ ಬಂತು. ಕೊನೆಗೆ ಸೈಲೆನ್ಸರ್ ಪೂರ್ತಿ ಬಿಚ್ಚಿ ಟಾರ್ಚ್ ಹಿಡಿದೆ. ಬ್ರಾಕೆಟ್ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಅದರ ಸುತ್ತ ಬೋಲ್ಟ್ ತಲೆ ಉಜ್ಜಿ ಉಜ್ಜಿ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವತ್ತಿಂದ ಕುತ್ತಿಗೆ ನಟ್ ಬಿತ್ತು ಅಂತ ಯಾರೇ ಬಂದರೂ ನಾನು ಮೊದಲು ಕೂರುವುದು ಗಾಡಿಯ ಹಿಂದೆ.

ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಾಲ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕ್ ಅಂದರೆ ಅಲ್ಲೇ ಇದೆ ರೋಗ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ.

ಪ್ರಶ್ನೆ ಕೇಳಿದವರು:
ಅಣ್ಣ, ನೀವು ಹೇಳಿದ ಹಾಗೇ ಇದೆ! ಎರಡು ಬ್ರಾಕೆಟ್ ಬೋಲ್ಟ್‌ನಲ್ಲಿ ಒಂದು ಬೆರಳಲ್ಲೇ ತಿರುಗಿತು. ತೂತು ಸ್ವಲ್ಪ ಉದ್ದ ಆಗಿದೆ. ಕುತ್ತಿಗೆ ಹತ್ತಿರ ಕಪ್ಪು ಮಸಿ ಗೆರೆ ಕೂಡ ಇದೆ. ಈಗ ಹೇಗೆ ಮುಂದುವರಿಯಲಿ?

ಉತ್ತರ:
ಆ ಮಸಿ ಗೆರೆ ಹೊಗೆ ಸೋರುತ್ತಿರುವ ದಾರಿ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚುವುದರಿಂದ ಸದ್ದು ಕಡಿಮೆಯಾಗುತ್ತದೆ, ಅಷ್ಟೇ. ಹಾಗೇ ಓಡಿಸಬೇಡಿ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗಿ, ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ಸೆನ್ಸರ್‌ಗೆ ತಪ್ಪು ಲೆಕ್ಕ ಕೊಡುತ್ತದೆ.

ತೂತು ಉದ್ದವಾದ ಜಾಗಕ್ಕೆ ಸರಿ ಅಳತೆಯ ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿಸಿ. ಸೈಲೆನ್ಸರ್ ಬಿಚ್ಚಿ ಒಯ್ದು ಮಾಡಿಸಿ, ಗಾಡಿಯಲ್ಲೇ ಇಟ್ಟು ವೆಲ್ಡ್ ಮಾಡಿಸಬೇಡಿ.

ಇನ್ನು ಜೋಡಿಸುವ ಕ್ರಮ. ಇದನ್ನು ದಯವಿಟ್ಟು ನಿಧಾನವಾಗಿ ಓದಿ, ಎಲ್ಲರೂ ಎಡವುವುದು ಇಲ್ಲೇ. ಹಳೇ ಗ್ಯಾಸ್ಕೆಟ್ ಚೂರು ಒಳಗೆ ಅಂಟಿಕೊಂಡಿದ್ದರೆ ಪೂರ್ತಿ ತೆಗೆದು ಹೊಸದು ಕೂರಿಸಿ. ಎರಡು ಕುತ್ತಿಗೆ ನಟ್ ಬೆರಳಲ್ಲಿ ಹಾಕಿ. ಬ್ರಾಕೆಟ್ ಬೋಲ್ಟ್‌ಗಳನ್ನೂ ಬೆರಳಲ್ಲಿ ಮಾತ್ರ ಹಾಕಿ. ಸೈಲೆನ್ಸರ್ ತಾನಾಗಿ ತನ್ನ ಜಾಗದಲ್ಲಿ ಕೂರಬೇಕು. ಎಳೆದು ಒತ್ತಿ ತೂತು ಸೇರಿಸಬೇಕಾಗಿ ಬಂದರೆ ಬ್ರಾಕೆಟ್ ಬಗ್ಗಿದೆ ಅಂತ ಅರ್ಥ, ಮೊದಲು ಅದನ್ನು ನೇರ ಮಾಡಿ. ಆಮೇಲೆ ಕುತ್ತಿಗೆ ನಟ್‌ಗಳನ್ನು ಒಂದಾದ ಮೇಲೆ ಒಂದು, ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಹೋಗಿ. ಬ್ರಾಕೆಟ್ ಬೋಲ್ಟ್ ಎಲ್ಲಕ್ಕಿಂತ ಕೊನೆಗೆ.

'ಕೈಲಾದಷ್ಟು ಬಿಗಿ' ಮಾತ್ರ ಬೇಡ. 6 ಎಂಎಂ ಸ್ಟಡ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸು, 8 ಎಂಎಂಗೆ 20ರ ಆಸುಪಾಸು ಸಾಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಅತಿಯಾಗಿ ಬಿಗಿದರೆ ಸ್ಟಡ್ ಎಳೆದುಕೊಂಡು ನಡುವೆ ಸಣ್ಣಗಾಗುತ್ತದೆ. ಇಲ್ಲವೇ ಹೆಡ್‌ನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ನೀವು ಒಂದು ಸಲ ಹಾಗೆ ಬಿಗಿದಿದ್ದೀರಿ, ಆದ್ದರಿಂದ ಸ್ಟಡ್ ಥ್ರೆಡ್ ನೋಡಿಕೊಳ್ಳಿ. ಸುರುಳಿಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೆ ಹೊಸ ಸ್ಟಡ್ ಹಾಕಿಸಿ.

ನಟ್ ಯಾವುದು ಅಂದರೆ, ಪೂರ್ತಿ ಲೋಹದ ಲಾಕ್ ನಟ್. ಅದರ ಮೇಲ್ತುದಿ ಸ್ವಲ್ಪ ಅಮುಕಿರುತ್ತದೆ, ಹಾಗಾಗಿ ಥ್ರೆಡ್ ಹಿಡಿದುಕೊಂಡೇ ಇಳಿಯುತ್ತದೆ. ತಾಮ್ರದ ಲೇಪ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ತುಕ್ಕಿಗೆ ಬೇಗ ಕಚ್ಚಿಕೊಳ್ಳುವುದಿಲ್ಲ.

ಇನ್ನೊಬ್ಬರು:
ಸರ್, ನನ್ನದು ಉಲ್ಟಾ ಸಮಸ್ಯೆ. ತುಕ್ಕು ಹಿಡಿದು ನಟ್ ಬಿಚ್ಚಲೇ ಬರುತ್ತಿಲ್ಲ. ಸ್ಪಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯಲಾ?

ಉತ್ತರ:
ಬೇಡ, ಸ್ಟಡ್ ಮುರಿಯುತ್ತದೆ. ಇಂಜಿನ್ ತಣ್ಣಗಿರುವಾಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಹೀಗೆ ಹಿಂದೆ ಮುಂದೆ ಮಾಡುತ್ತಾ ಎಣ್ಣೆ ಒಳಗೆ ಇಳಿಯಲು ಬಿಡಿ. ಕಿರ್ ಅಂತ ಸದ್ದು ಬಂದರೆ ಒಳ್ಳೇದು, ತುಕ್ಕು ಬಿಡುತ್ತಿದೆ. ಸದ್ದಿಲ್ಲದೆ ಮೆತ್ತಗೆ ತಿರುಗಿದ ಹಾಗೆ ಅನಿಸಿದರೆ ನಿಲ್ಲಿಸಿಬಿಡಿ. ಸ್ಟಡ್ ತಿರುಚಿಕೊಳ್ಳುತ್ತಿದೆ ಅಂತ ಅದು. ಅಲ್ಲಿಂದ ಮುಂದೆ ಅನುಭವ ಇರುವವರ ಕೈಗೆ ಕೊಡಿ.

ಹೊಸದಾಗಿ ಹಾಕುವಾಗ ಥ್ರೆಡ್‌ಗೆ ತಾಮ್ರದ ಪೇಸ್ಟ್ ಸ್ವಲ್ಪ ಸವರಿ. ಪೇಸ್ಟ್ ಹಚ್ಚಿದರೆ ನಟ್ ಜಾರುತ್ತದೆ, ಅದಕ್ಕೇ ಬಿಗಿ ಕಾಲು ಭಾಗದಷ್ಟು ಕಡಿಮೆ ಇಡಿ.

ಮತ್ತೊಬ್ಬರು:
ತಂತಿ ಕಟ್ಟಿದರೆ ಹೇಗೆ ಸರ್? ರೇಸ್ ಗಾಡಿಗಳಲ್ಲಿ ನೋಡಿದ್ದೀನಿ.

ಉತ್ತರ:
ಕಟ್ಟಬಹುದು. ಬೋಲ್ಟ್ ತಲೆಗೆ ಸಣ್ಣ ತೂತು ಕೊರೆದು 0.8 ಎಂಎಂ ಸ್ಟೀಲ್ ತಂತಿ ಹೆಣೆದು, ಬಿಗಿಯಾಗುವ ದಿಕ್ಕಿಗೆ ಎಳೆದು ಕಟ್ಟುತ್ತಾರೆ. ಬ್ರಾಕೆಟ್ ಬೋಲ್ಟ್‌ಗೆ ಚೆನ್ನಾಗಿ ಒಪ್ಪುತ್ತದೆ. ಆದರೆ ತಂತಿ ಬೋಲ್ಟ್ ಬೀಳದ ಹಾಗೆ ತಡೆಯುತ್ತದೆಯೇ ಹೊರತು ಹೋದ ಎಳೆತವನ್ನು ವಾಪಸ್ ತರುವುದಿಲ್ಲ. ಮೊದಲು ಮೂಲ ಸರಿ ಮಾಡಿ, ಆಮೇಲೆ ತಂತಿ.

ಪ್ರಶ್ನೆ ಕೇಳಿದವರು:
ಅಣ್ಣ, ಬ್ರಾಕೆಟ್ ವೆಲ್ಡ್ ಆಯ್ತು. ಹೊಸ ಗ್ಯಾಸ್ಕೆಟ್, ತಾಮ್ರದ ಲಾಕ್ ನಟ್ ಹಾಕಿದೆ. ಟಪ್ ಟಪ್ ಸದ್ದು ಪೂರ್ತಿ ನಿಂತಿದೆ. ಇನ್ನು ಮುಟ್ಟುವ ಹಾಗಿಲ್ಲ ಅಲ್ವಾ?

ಉತ್ತರ:
ಇನ್ನೂ ಒಂದು ಸಲ ಮುಟ್ಟಬೇಕು. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಸ್ವಲ್ಪ ಕುಗ್ಗುತ್ತದೆ. ಒಂದು ಸಲ ಚೆನ್ನಾಗಿ ಓಡಿಸಿ, ಪೂರ್ತಿ ಆರಿದ ಮೇಲೆ ಅದೇ ಅಳತೆಗೆ ಮತ್ತೆ ಬಿಗಿ ನೋಡಿ. ಆಮೇಲೆ ಪ್ರತಿ ನಟ್ ಮೇಲಿಂದ ಪಕ್ಕದ ಲೋಹದ ತನಕ ಬಿಸಿ ತಡೆಯುವ ಪೇಂಟ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಗಾಡಿ ತೊಳೆಯುವಾಗ ಬಗ್ಗಿ ನೋಡಿದರೆ ಸಾಕು, ಸ್ಪಾನರ್ ಬೇಕಾಗಿಲ್ಲ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಅರ್ಥ. ಬ್ರಾಕೆಟ್ ಬೋಲ್ಟ್‌ಗಳಿಗೂ ಎಳೆಯಲು ಮರೆಯಬೇಡಿ.