ಬಾಯಿಪಾಠವಾದ ಬೈಬಲ್ ವಚನ ಮಕ್ಕಳ ನಡತೆಗೆ ಇಳಿಯುವುದು ಹೇಗೆ?

ಚರ್ಚೆ ಆರಂಭಿಸಿದ ತಾಯಿ:
ಗುಂಪಿನ ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ನಮ್ಮ ಮಗನಿಗೆ ಈಗ 13 ವರ್ಷ. ಅವನ ತರಗತಿಗೆ ಹೊಸದಾಗಿ ಸೇರಿದ, ಇಲ್ಲಿನ ಭಾಷೆ ಬಾರದ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಒಬ್ಬನೇ ಕೂರುತ್ತಾನಂತೆ. ‘ನೀನಾದರೂ ಹೋಗಿ ಪಕ್ಕದಲ್ಲಿ ಕೂರಬಾರದೇ?’ ಎಂದು ಕೇಳಿದರೆ, ‘ಅದು ನನಗೇಕೆ?’ ಎಂದುಬಿಟ್ಟ. ಪರದೇಶಿಯನ್ನು ಸೇರಿಸಿಕೊಂಡವರು ಕ್ರಿಸ್ತನನ್ನೇ ಸೇರಿಸಿಕೊಂಡರೆಂಬ ಮತ್ತಾಯ 25ನೆಯ ಅಧ್ಯಾಯದ ಭಾಗ ಭಾನುವಾರ ಶಾಲೆಯಲ್ಲಿ ಅವನಿಗೆ ಬಾಯಿಪಾಠವಾಗಿದೆ. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ರೂಢಿಸಿದ್ದೀರಿ, ದಯವಿಟ್ಟು ತಿಳಿಸಿ.

ಇಬ್ಬರು ಮಕ್ಕಳ ತಂದೆ:
ಸಹೋದರಿಯವರೇ, ಮನೆಯೊಳಗಿನಿಂದಲೇ ಆರಂಭಿಸಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಸಮಾಧಾನವಾಗಬೇಕೆಂದು ಕರ್ತನು ಹೇಳಿದ್ದಾನಲ್ಲವೇ? ಆದ್ದರಿಂದ ಶನಿವಾರ ರಾತ್ರಿ ಕುಟುಂಬ ಪ್ರಾರ್ಥನೆಗೆ ಮುಂಚೆ, ವಾರದಲ್ಲಿ ಯಾರ ಮೇಲಾದರೂ ಸಿಟ್ಟಾಗಿ ಕೂಗಿದ್ದರೆ ಹೆಸರು ಹಿಡಿದು ಕ್ಷಮೆ ಕೇಳುತ್ತೇವೆ. ತಂದೆತಾಯಿಗಳೂ ಮಕ್ಕಳಲ್ಲಿ ಕೇಳುತ್ತೇವೆ. ಇದರ ಜೊತೆಗೆ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜನನ್ನು ನೋಡಲು ಮಗಳು ನನ್ನೊಂದಿಗೆ ಬರುತ್ತಾಳೆ. ಅವರಿಗೆ ಕಣ್ಣು ಮಂಜಾಗಿರುವುದರಿಂದ ಬಂದ ಪತ್ರಗಳನ್ನು ಅವಳೇ ಓದಿ ಹೇಳುತ್ತಾಳೆ. ಪ್ರತಿಸಲವೂ ಅದೇ ವ್ಯಕ್ತಿಯನ್ನು ಕಾಣುವುದು ಮುಖ್ಯ, ಏಕೆಂದರೆ ಸೇವೆ ಎಂಬುದು ಆಗ ಒಂದು ಮುಖವಾಗಿ, ಒಂದು ಹೆಸರಾಗಿ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ.

ಸಭೆಯ ಹಿರಿಯರೊಬ್ಬರು:
ಪ್ರಿಯರೇ, ಇಲ್ಲಿ ಬಹು ದೊಡ್ಡ ಅಪಾಯವಿದೆ. ಕೃಪೆಯಿಂದಲೇ, ನಂಬಿಕೆಯ ಮೂಲಕವೇ ರಕ್ಷಣೆ. ಕ್ರಿಯೆಗಳಿಂದಲ್ಲ ಎಂದು ಎಫೆಸದವರಿಗೆ ಬರೆದ ಪತ್ರಿಕೆ 2ನೆಯ ಅಧ್ಯಾಯ ಸ್ಪಷ್ಟವಾಗಿ ಸಾರುತ್ತದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲೆ, ಸಾಯುವ ಹೊತ್ತಿನಲ್ಲಿ ನಂಬಿ ರಕ್ಷಣೆ ಪಡೆದ ಕಳ್ಳನು ಯಾವ ವೃದ್ಧಾಶ್ರಮಕ್ಕೆ ಹೋಗಿದ್ದನು? ಸತ್ಕಾರ್ಯಗಳನ್ನು ಯಾವ ನಂಬಿಕೆಯೂ ಇಲ್ಲದವರು ಸಹ ಮಾಡುತ್ತಾರೆ. ಮೊದಲು ಮಕ್ಕಳನ್ನು ತಪ್ಪದೆ ಆರಾಧನೆಗೆ ಕರೆತನ್ನಿ. ನಾಲ್ಕು ಭಾನುವಾರಗಳಲ್ಲಿ ಎರಡು ಭಾನುವಾರ ಆಟದ ಮೈದಾನದಲ್ಲಿ ಕಳೆಯುವ ಕುಟುಂಬಗಳು ನಡತೆಯ ಬಗ್ಗೆ ಪ್ರಶ್ನೆ ಕೇಳುವುದು ನನಗೆ ದುಃಖ ತರುತ್ತದೆ.

ಒಬ್ಬ ಸಹೋದರಿ:
ಹಿರಿಯರೇ, ಆ ತಾಯಿ ಆರಾಧನೆ ತಪ್ಪಿಸುತ್ತಾರೆಂದು ಎಲ್ಲಿಯೂ ಬರೆದಿಲ್ಲ. ತಾವು ಹೇಳಿದ ಅದೇ ಅಧ್ಯಾಯದ 10ನೆಯ ವಚನ, ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರೆಂದು ಹೇಳುತ್ತದೆ. ಆ ಕಳ್ಳನೂ ಸುಮ್ಮನಿರಲಿಲ್ಲ: ನಿರಪರಾಧಿಯಾದ ಯೇಸುವನ್ನು ಹಂಗಿಸುತ್ತಿದ್ದ ತನ್ನ ಜೊತೆಯವನನ್ನು ಗದರಿಸಿದನು. ಕೈಕಾಲು ಆಡದ ಸ್ಥಿತಿಯಲ್ಲಿಯೂ ಉಳಿದಿದ್ದ ಒಂದೇ ನಾಲಿಗೆಯಿಂದ ನ್ಯಾಯದ ಪಕ್ಷ ಹಿಡಿದನು.

ಹಿರಿಯರು:
ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯನ್ನು ಸಭಾಸುಧಾರಕನಾದ ಮಾರ್ಟಿನ್ ಲೂಥರ್ 1522ರಲ್ಲಿ ಹುಲ್ಲಿನ ಪತ್ರಿಕೆ ಎಂದು ಕರೆದದ್ದು ವಿನಾಕಾರಣವಲ್ಲ. ಕ್ರಿಯೆಗಳ ಮೇಲೆ ಭರವಸೆ ಇಡುವವನು ಕೊನೆಗೆ ತನ್ನನ್ನೇ ಹೊಗಳಿಕೊಳ್ಳುತ್ತಾನೆ.

ಸಹೋದರಿ:
ನಂಬಿಕೆಯು ಸಜೀವವಾದ, ಸದಾ ಕ್ರಿಯಾಶೀಲವಾದ ಶಕ್ತಿಯೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ ಮುನ್ನುಡಿಯಲ್ಲಿ ಬರೆದವನೂ ಅದೇ ಲೂಥರ್.

ಇನ್ನೊಬ್ಬ ಸದಸ್ಯರು:
ನಮ್ಮ ಮಗಳು ಎರಡು ವರ್ಷ ಸತತವಾಗಿ ಯುವಜನರ ಸೇವಾ ತಂಡವನ್ನು ಮುನ್ನಡೆಸಿದಳು, ದೇವರಿಗೆ ಸ್ತೋತ್ರ. ತಂದೆತಾಯಿ ಹೇಗೋ ಮಕ್ಕಳೂ ಹಾಗೆ.

ವಯಸ್ಸಾದ ತಾಯಿಯೊಬ್ಬರು:
ಹಾಗೆನ್ನಬೇಡಿಯಪ್ಪ. ನನ್ನ ಯಜಮಾನರು ಸಂಬಳ ಬಂದ ದಿನವೇ ಕಷ್ಟದಲ್ಲಿರುವವರ ಪಾಲನ್ನು ತೆಗೆದಿಟ್ಟು, ಯಾರಿಗೂ ತಿಳಿಯದಂತೆ ಕೊಟ್ಟುಬರುತ್ತಿದ್ದರು. ಮಕ್ಕಳಿಬ್ಬರೂ ಅದನ್ನು ನೋಡಿಯೇ ಬೆಳೆದರು; ಈಗ ಒಬ್ಬನು ಮಾತ್ರ ಆ ದಾರಿಯಲ್ಲಿದ್ದಾನೆ. ಇನ್ನೊಬ್ಬನಿಗಾಗಿ ಇಂದಿಗೂ ಪ್ರಾರ್ಥಿಸುತ್ತಿದ್ದೇನೆ.

ಚರ್ಚೆ ಆರಂಭಿಸಿದ ತಾಯಿ:
ಎಲ್ಲರಿಗೂ ಕೃತಜ್ಞತೆಗಳು. ವೃದ್ಧಾಶ್ರಮದವರು 13 ವರ್ಷದ ಹುಡುಗನನ್ನು ಒಳಗೆ ಬಿಡುತ್ತಾರೆಯೇ?

ಹಿರಿಯರು:
ಮುಂದಿನ ಭಾನುವಾರ ಈ ವಿಷಯವಾಗಿಯೇ ಒಂದು ಅಧ್ಯಯನ ನಡೆಸುತ್ತೇನೆ. ಎಲ್ಲರೂ ಬರಬೇಕು.

ಇಬ್ಬರು ಮಕ್ಕಳ ತಂದೆ:
ಸಹೋದರಿಯವರೇ, ಒಂದೊಂದು ಕಡೆ ಒಂದೊಂದು ನಿಯಮವಿರುತ್ತದೆ. ಸ್ವಯಂಸೇವಕರನ್ನು ನೋಡಿಕೊಳ್ಳುವವರಿಗೆ ಫೋನ್ ಮಾಡಿ, ವಯಸ್ಸಿನ ಮಿತಿ ಎಷ್ಟು, ಪೋಷಕರ ಒಪ್ಪಿಗೆ ಪತ್ರ ಬೇಕೇ ಎಂದು ಮೊದಲೇ ಕೇಳಿ. ಮೊದಲ ಕೆಲವು ಭೇಟಿಗಳಲ್ಲಿ ನೀವೂ ಜೊತೆಗಿರಿ. ಅರ್ಧ ಗಂಟೆ ಸಾಕು. ಶಾಲೆಯ ಆ ಹುಡುಗನ ಹೆಸರೇನೆಂದು ಇವತ್ತು ಸಂಜೆಯೇ ಮಗನನ್ನು ಕೇಳಿ ನೋಡಿ.