ಅಪ್‌ಡೇಟ್: ಘಾಟಿ ಏರುವಾಗ ಬರುತ್ತಿದ್ದ ಟಕಟಕ ಸದ್ದು ಮತ್ತು 95 ಆಕ್ಟೇನ್ ಪೆಟ್ರೋಲ್

ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿ ಏರುವಾಗ, ಮೂರನೇ ಗೇರಿನಲ್ಲಿ ಕಾರಿನ ಎಂಜಿನ್‌ನಿಂದ ಗೋಲಿ ಕುಲುಕಿದಂತೆ ಸದ್ದು ಬರುತ್ತಿದೆ, 95 ಆಕ್ಟೇನ್ ಪೆಟ್ರೋಲ್ ಹಾಕಿಸಲೇ ಎಂದು ಕೇಳಿದ್ದೆ. ಮೊದಲು ಕಾರಿನ ಕೈಪಿಡಿ ನೋಡಿ, ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ಎಂದವರಿಗೆ ಮನಸಾರೆ ಧನ್ಯವಾದ.

ನನ್ನದು ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್. ಕೈಪಿಡಿಯಲ್ಲಿ ಕನಿಷ್ಠ 91 ಆಕ್ಟೇನ್ ಎಂದಷ್ಟೇ ಇದೆ. ಆದರೂ ಮನಸ್ಸು ತಡೆಯದೆ ಎರಡು ಟ್ಯಾಂಕ್ 95 ಹಾಕಿಸಿದೆ. ಸದ್ದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೈಲೇಜೂ ಎಳೆತವೂ ಮೊದಲಿನಷ್ಟೇ. ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಕಿಡಿ ಹಚ್ಚಿದ ಉರಿ ತಲುಪುವ ಮೊದಲೇ ಒತ್ತಡಕ್ಕೆ, ಶಾಖಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ. ಹಾಗೆ ತಾನಾಗಿ ಹೊತ್ತಿಕೊಂಡಾಗಲೇ ಆ ಟಕಟಕ ಸದ್ದು ಬರುವುದು. ಇದು ನನಗೆ ಈಗ ಸರಿಯಾಗಿ ಅರ್ಥವಾಗಿದೆ.

ಕೊನೆಗೆ ಪ್ಲಗ್‌ಗಳನ್ನು ಬಿಚ್ಚಿಸಿದೆವು. ತುದಿಯ ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ, ಅಲ್ಲಲ್ಲಿ ಸಣ್ಣ ಗುಳ್ಳೆಗಳು ಎದ್ದಿದ್ದವು. ಹಿಂದಿನ ಸರ್ವಿಸ್‌ನಲ್ಲಿ ಈ ಎಂಜಿನ್‌ಗೆ ಹೊಂದದ, ಶಾಖವನ್ನು ಬೇಗ ಬಿಟ್ಟುಕೊಡದ ಪ್ಲಗ್ ಹಾಕಿದ್ದರು. ಅದರ ತುದಿ ಅತಿಯಾಗಿ ಕಾದು, ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ಅದನ್ನು ಕಂಡು ನಿಜಕ್ಕೂ ಸಿಟ್ಟು ಬಂತು. ಅಷ್ಟು ದಿನ ಎಂಜಿನ್ ಆ ಪೆಟ್ಟು ತಿಂದಿದೆಯಲ್ಲ! ಕೈಪಿಡಿ ಹೇಳಿದ ಪ್ಲಗ್ ಹಾಕಿಸಿ, ಮತ್ತೆ ಸಾಮಾನ್ಯ ಪೆಟ್ರೋಲ್ ತುಂಬಿಸಿದೆ.

ಕಳೆದ ಭಾನುವಾರ ನಾಲ್ವರು ಕುಳಿತು ಅದೇ ಘಾಟಿ ಏರಿದೆವು. ತಿರುವುಗಳಲ್ಲಿ ಎಂಜಿನ್ ಏದುಸಿರು ಬಿಡುವ ಮುನ್ನವೇ ಎರಡನೇ ಗೇರಿಗೆ ಇಳಿಸಿದೆ. ಕೊಟ್ಟಿಗೆಹಾರದವರೆಗೂ ಒಮ್ಮೆಯೂ ಆ ಸದ್ದು ಕೇಳಿಸಲಿಲ್ಲ.